ಭಟ್ಟರ ಕಣ್ಣೊಳಗಿನ ಹಾಳೆ

ನಮ್ಮ ಹೋಟೆಲಿನ ದೋಸೆ ಭಟ್ಟರ ಬಲಗಣ್ಣು ಎಡಗಣ್ಣಿಗಿಂತ ತುಸು ಒಳಗೆ ಕೂತಿತ್ತು. ಹೊಸ ಗಿರಾಕಿಗಳು ಅದು ಹುಟ್ಟಿನಿಂದ ಬಂದದ್ದೆಂದು ತಿಳಿಯುತ್ತಿದ್ದರು. ಅಲ್ಲ, ನನ್ನ ಮುಷ್ಟಿಯಿಂದ ಬಂದದ್ದು.

ಬೈಕುಲ್ಲಾದ ಆ ಹೋಟೆಲಿನಲ್ಲಿ ನಾನು ಸಪ್ಲೈಯರ್, ಧಾರವಾಡದ ಕಡೆಯವನು. ಭಟ್ಟರು ಉಡುಪಿಯವರು, ಮಹಾ ಮುಂಗೋಪಿ. ಆರ್ಡರ್ ತಪ್ಪಿದರೆ ಬಿಸಿ ಸಟ್ಟುಗ ಹಾರಿ ಬರುತ್ತಿತ್ತು. ಆಮೇಲೆ ಸುಟ್ಟ ಜಾಗಕ್ಕೆ ಅವರೇ ತೆಂಗಿನೆಣ್ಣೆ ಹಚ್ಚುತ್ತಿದ್ದರು. ಪ್ರೀತಿ ಬಂದರೂ "ಬೇವರ್ಸಿ", ಸಿಟ್ಟು ಬಂದರೂ "ಬೇವರ್ಸಿ". ಅಪ್ಪನ ದಿನಕರ್ಮ ಮುಗಿಸಿ, ಬೋಳು ತಲೆಯಲ್ಲಿ ನಾನು ಕೆಲಸಕ್ಕೆ ಮರಳಿದ ಬೆಳಿಗ್ಗೆ ಅವರು, "ಬಂದ್ಯಾ ಬೇವರ್ಸಿ? ಬಾ, ಮೊದ್ಲು ತಿಂಡಿ ತಿನ್ನು" ಎಂದರು. ಕರೆದದ್ದು ತಿನ್ನಲಿಕ್ಕೆ. ನನಗೆ ಕೇಳಿಸಿದ್ದು ಅಪ್ಪನಿಲ್ಲದವನೆಂಬ ಬೈಗುಳ. ಮೈಯೆಲ್ಲ ಉರಿದುಹೋಯಿತು. "ಯಾರಿಗಂತೀಯಲೇ?" ಎಂದು ಹೊಡೆದೆ. ಬಿದ್ದವರ ಎದೆಯ ಮೇಲೆ ಕೂತು ಮತ್ತೆರಡು ಹೊಡೆದೆ. ಮೂಳೆ ಮುರಿದದ್ದು ನನ್ನ ಗೆಣ್ಣಿಗೇ ತಿಳಿಯಿತು.

ಕಣ್ಣಗುಳಿಯ ತಳ ಒಡೆದಿತ್ತು. ಡಾಕ್ಟರು ಅಲ್ಲಿ ಸಿಲಿಕೋನಿನ ತೆಳು ಹಾಳೆ ಕೂರಿಸಿ ಕಣ್ಣಿಗೆ ಆಧಾರ ಕೊಟ್ಟರು. ಪೊಲೀಸರು ಕೇಳಿದಾಗ ಭಟ್ಟರು ಅಡುಗೆಮನೆಯಲ್ಲಿ ಜಾರಿ ಬಿದ್ದೆ ಎಂದರು. ನನಗೆ, "ನಿನ್ನ ಅಮ್ಮನಿಗೆ ಈಗ ನೀನೊಬ್ಬನೇ ಅಲ್ವಾ ಮಾರಾಯ" ಎಂದರು. ಆಮೇಲೆ ಎಲ್ಲರನ್ನೂ ಬೇವರ್ಸಿ ಎಂದರು, ನನ್ನನ್ನು ಬಿಟ್ಟು. ಅದರಿಂದ ನನಗೆ ಬಹಳ ಸಂಕಟವಾಗುತ್ತಿತ್ತು.

ಹನ್ನೆರಡು ವರ್ಷಗಳ ಮೇಲೆ ಆ ಕಣ್ಣಿನ ಕೆಳರೆಪ್ಪೆ ಕೆಂಪಾಗಿ ಬಾತುಕೊಂಡಿತು. ಕಾವಲಿಯ ಮೇಲಿನ ಒಂದು ದೋಸೆ ಎರಡಾಗಿ ಕಾಣತೊಡಗಿತು. "ಉಷ್ಣ ಆದದ್ದು" ಎಂದು ಭಟ್ಟರು ಎಳನೀರು ಕುಡಿದರು, ಹರಳೆಣ್ಣೆ ಹಚ್ಚಿದರು. ನಾನೇ ಬಲವಂತ ಮಾಡಿ ಸಯನ್ನಿನ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆ.

"ಪೆಹಲೇ ಕಭೀ ಚೋಟ್ ಲಗೀ ಥೀ? ಆಪರೇಶನ್ ಹುವಾ ಥಾ?" ಹಿಂದೆ ಯಾವಾಗಲಾದರೂ ಪೆಟ್ಟಾಗಿತ್ತೇ, ಆಪರೇಶನ್ ಆಗಿತ್ತೇ ಎಂದು ಡಾಕ್ಟರು ಕೇಳಿದರು.

ಭಟ್ಟರು ನನ್ನ ಮುಖ ನೋಡಿ, "ನಹೀ ಸಾಬ್, ತವೇ ಕೀ ಗರ್ಮೀ ಹೈ", ಏನೂ ಆಗಿಲ್ಲ, ಕಾವಲಿಯ ಬಿಸಿ ಅಷ್ಟೇ ಎಂದುಬಿಟ್ಟರು. ಹಳೆಯ ಕೇಸು ಎದ್ದು ನನಗೆ ತೊಂದರೆಯಾದೀತೆಂಬ ಹೆದರಿಕೆ ಅವರಿಗೆ. ನಾನಾಗ ಅದೇ ಹೋಟೆಲಿನ ಮ್ಯಾನೇಜರ್, ಹೆಂಡತಿ ಮಕ್ಕಳುಳ್ಳವನು. ಹೇಳಬೇಕಿತ್ತು, ಹೇಳಲಿಲ್ಲ. ಗೋಡೆಯ ಬೋರ್ಡು ಓದುತ್ತಾ ಕೂತೆ. ಥೂ ನನ್ನ ಜನ್ಮಕ್ಕೆ!

ಕಣ್ಣಿಗೆ ಡ್ರಾಪ್ಸ್ ಹಾಕುತ್ತಲೇ ತಿಂಗಳು ಹೋಯಿತು. ಒಂದು ಮಧ್ಯಾಹ್ನ ರೆಪ್ಪೆಯ ಕೆಳಗೆ ಒಡೆದು ಕೀವು ರಕ್ತ ಕೆನ್ನೆಗಿಳಿಯಿತು. ಭಟ್ಟರು ಕಾವಲಿಯ ಪಕ್ಕದಲ್ಲೇ ಕಿರುಚಿ ಕುಸಿದರು. ದೊಡ್ಡಾಸ್ಪತ್ರೆಯಲ್ಲಿ ಕೊನೆಗೂ ಬಾಯಿಬಿಟ್ಟೆ. ಕೀವು ತುಂಬಿದ ಗುಳಿಯಿಂದ ಹಾಳೆಯನ್ನು ಹೊರತೆಗೆದರು. ಇಷ್ಟು ವರ್ಷಗಳ ಮೇಲೂ ಅದಕ್ಕೆ ಸೋಂಕು ತಗಲುವುದುಂಟು, ಮೊದಲೇ ಹೇಳಿದ್ದರೆ ಕಣ್ಣು ಉಳಿಸಬಹುದಿತ್ತು ಎಂದು ಡಾಕ್ಟರು ಗದರಿದರು. ಸೋಂಕು ಕಣ್ಣಿನ ಹಿಂದಕ್ಕೆ ಹಬ್ಬಿ ದೃಷ್ಟಿ ಹೋಗಿತ್ತು.

ಹೋದ ವರ್ಷ ಭಟ್ಟರು ಹೃದಯಾಘಾತದಿಂದ ತೀರಿಕೊಂಡರು. ಹದಿಮೂರನೆಯ ದಿನ ಜೋಗೇಶ್ವರಿಯ ಅವರ ಮನೆಯಲ್ಲಿ ಊಟಕ್ಕೆ ಕೂತೆ. ಅವರ ಹೆಂಡತಿ ಬಡಿಸಲು ಬಾಗಿದಾಗ ತಡೆಯಲಾಗಲಿಲ್ಲ.

"ಅಕ್ಕಾರ, ಅವರು ಜಾರಿ ಬಿದ್ದಿರಲಿಲ್ಲರೀ. ಹೊಡದಾಂವ ನಾನು."

"ಗೊತ್ತುಂಟು" ಎಂದರು ಅವರು, ತಲೆ ಎತ್ತದೆ. "ಸಿಟ್ಟಲ್ಲಿ ಯಾರ ಕೈಯಾದ್ರೂ ಏಳ್ತದೆ. ಆ ಕ್ಲಿನಿಕ್ಕಿನಲ್ಲಿ ನೀವು ಬಾಯಿ ಹೊಲಿದುಕೊಂಡು ಕೂತ್ರಲ್ಲ, ಅದನ್ನು ಮಾತ್ರ ನಾನು ಮರೆಯುದಿಲ್ಲ."

ನನ್ನ ಎಲೆಗೆ ಅನ್ನ ಹಾಕಿ, ಸಾರು ಬಿಟ್ಟು, ಅವರು ಮುಂದಿನ ಎಲೆಗೆ ಹೋದರು.