ಹೆಜ್ಜೇನು ಎದ್ದ ಹೊಳೆದಾರಿ

ಸಿಲೋನಿನಲ್ಲಿ ಹುಟ್ಟಿ ಬೆಳೆದ ನನಗೆ ಅಪ್ಪನ ಊರಾದ ವೇಣೂರು ಪರದೇಶವೇ ಆಗಿತ್ತು. ಕೊಲಂಬೊದಲ್ಲಿ ಅಪ್ಪನದು ಹೋಟೆಲು. ನಾನು ಅಲ್ಲಿಯ ಶಾಲೆಯೊಂದರಲ್ಲಿ ಟೀಚರ್. ಐವತ್ತರ ದಶಕದ ಕೊನೆಯ ಒಂದು ಏಪ್ರಿಲ್ ರಜೆಯಲ್ಲಿ, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು, ಹಡಗು, ರೈಲು, ಬಸ್ಸು ಎಲ್ಲ ಹತ್ತಿಳಿದು ಅಪ್ಪನ ಅಕ್ಕನ ಮನೆಗೆ ಬಂದಿದ್ದೆ. ಅವರನ್ನು ನಾನು ಮಾಮಿ ಎನ್ನುತ್ತಿದ್ದೆ. ಅರವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು.

ಫಲ್ಗುಣಿ ಹೊಳೆಯ ದಂಡೆಯಲ್ಲಿ ಒಂದು ಹಳೆಯ ದಾರಿಯಿತ್ತು. ಜೈನ ಅರಸರ ಕಾಲದಲ್ಲಿ ಎತ್ತುಗಳ ಮೇಲೆ ಅಕ್ಕಿಮುಡಿ ಹೇರಿಕೊಂಡು ಹೋಗುತ್ತಿದ್ದದ್ದು ಅದರಲ್ಲೇ ಎಂದು ಅಪ್ಪ ಹೇಳುತ್ತಿದ್ದರು. ಮೂರು ಮೈಲಿ ಕೆಳಗೆ ಮಾಮಿಯ ಮಗಳ ಮನೆ. ಅಲ್ಲಿಗೆ ಆ ದಾರಿಯಲ್ಲೇ ಹೋಗಬೇಕೆಂದು ಹಟ ಹಿಡಿದವಳು ನಾನು.

“ಬಸ್ಸು ಉಂಟಲ್ಲ ಮಗಳೇ,” ಎಂದರು ಮಾಮಿ.

“ಬಸ್ಸಿನಿಂದ ಹೊಳೆ ಕಾಣುವುದಿಲ್ಲ ಮಾಮಿ.”

“ಆಯ್ತು. ಬಿಸಿಲು ಏರುವ ಮೊದಲು ಹೋಗುವ.”

ಅಲ್ಲಲ್ಲಿ ಹಾಸುಗಲ್ಲು ಇನ್ನೂ ಉಳಿದಿತ್ತು, ಎತ್ತಿನ ಗೊರಸಿಗೆ ಸವೆದು ಗುಳಿಬಿದ್ದದ್ದು. ಅದನ್ನೇ ನೋಡುತ್ತ ನಾನು ಮುಂದೆ, ಮಾಮಿ ಹತ್ತು ಮಾರು ಹಿಂದೆ. ನೀರಿನ ಮೇಲೆ ಬಾಗಿದ ದೊಡ್ಡ ಮರವೊಂದರ ಕೆಳಗೆ ಬರುವಾಗ, ದೂರದಲ್ಲಿ ಅಕ್ಕಿ ಗಿರಣಿ ಸುರುವಾದಂಥ ಸದ್ದು ಕೇಳಿಸಿತು. ತಲೆ ಎತ್ತಿದರೆ, ಗಿಡುಗವೊಂದು ಹೆಜ್ಜೇನಿನ ತಟ್ಟಿಯನ್ನು ಕಿತ್ತು ಹಾರುತ್ತಿತ್ತು. ಕೊಂಬೆಯ ಅಡಿಯಿಂದ ಕಪ್ಪಗೆ ಏನೋ ಉದುರಿ, ಅರ್ಧದಲ್ಲೇ ಹರಡಿಕೊಂಡಿತು.

ಮೊದಲ ಹುಳ ಕಿವಿಯ ಹಿಂದೆ ಚುಚ್ಚಿದ್ದೇ, ನಾನು ಓಡಿದೆ. ಮಾಮಿಯ ನೆನಪೇ ಬರಲಿಲ್ಲ. ಕೂದಲೊಳಗೆ, ರವಿಕೆಯ ತೋಳಿನೊಳಗೆ ಗುಂಯ್ ಎನ್ನುತ್ತಿತ್ತು.

“ನೀರಿಗೆ ಇಳಿ! ನೀರಿಗೆ!” ಹಿಂದಿನಿಂದ ಮಾಮಿಯ ಕೂಗು.

ದಂಡೆಯ ತುದಿಗೆ ಬಂದು ನಿಂತೆ. ಕೆಳಗೆ ಹಸಿರುಗಟ್ಟಿದ ಗುಂಡಿ. ನನಗೆ ಈಜು ಬರುತ್ತಿರಲಿಲ್ಲ. ಹುಳಗಳು ಕಚ್ಚುತ್ತಿದ್ದರೂ ಕಾಲು ಮುಂದೆ ಹೋಗಲಿಲ್ಲ. ಮಾಮಿ ಬಂದವರೇ ನನ್ನನ್ನು ಅಪ್ಪಿಕೊಂಡು ಹಾಗೆಯೇ ನೀರಿಗೆ ಬಿದ್ದರು.

ನೆಲ ಸಿಗಲಿಲ್ಲ. ಮೂಗಿಗೆ, ಬಾಯಿಗೆ ನೀರು. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಮಾಮಿ ನನ್ನ ಜಡೆ ಹಿಡಿದೆಳೆದು ಒಂದು ಬೇರಿನ ಮೇಲೆ ನಿಲ್ಲಿಸಿದರು. ಕುತ್ತಿಗೆಯವರೆಗೆ ನೀರು. ಒದ್ದೆ ಸೆರಗನ್ನು ನನ್ನ ತಲೆಯ ಮೇಲೆ ಎಳೆದರು. ಅದು ಇಬ್ಬರಿಗೆ ಸಾಲುತ್ತಿರಲಿಲ್ಲ. ಹುಳಗಳು ಬಟ್ಟೆಯ ಮೇಲೆ ನಡೆದಾಡುವುದು ನೆತ್ತಿಗೆ ತಿಳಿಯುತ್ತಿತ್ತು. ಆಗಾಗ ಮಾಮಿಯ ಹಿಡಿತ ಸಡಿಲಾಗುತ್ತಿತ್ತು, ಆಗೆಲ್ಲ ನಾನು “ಮಾಮಿ, ಮಾಮಿ” ಎಂದು ಅಳುತ್ತಿದ್ದೆ.

ಎಷ್ಟು ಹೊತ್ತೋ. ಆಚೆ ದಡದಿಂದ ಗಂಡು ಧ್ವನಿ ಬಂತು.

“ಅಕ್ಕ, ಕೈ ಆಡಿಸ್ಬೇಡಿ! ಹೊಗೆ ಹಾಕ್ತೇನೆ, ಹಾಗೇ ಇರಿ!”

ಒಣಮೀನು ಮಾರುತ್ತ ಹಳ್ಳಿ ಸುತ್ತುವ ಬ್ಯಾರಿಯೊಬ್ಬರು. ಬುಟ್ಟಿ ಇಳಿಸಿ, ತಲೆಗೆ ಗೋಣಿ ಹೊದ್ದು, ಒಣಗಿದ ತೆಂಗಿನ ಮಡಲಿನ ಸೂಟೆಯನ್ನು ಪಂಜಿನಂತೆ ಹೊತ್ತಿಸಿ ಹಿಡಿದು, ನೀರು ಕಡಿಮೆಯಿದ್ದ ಕಡೆ ದಾಟಿ ಬಂದರು. ದಂಡೆಯಲ್ಲಿ ಬೆಂಕಿ ಮಾಡಿ ಹಸಿ ಸೊಪ್ಪು ಹಾಕಿದರು. ಹೊಗೆ ನೀರಿನ ಮೇಲೆ ಹರಡಿದ ಮೇಲೆ ಸದ್ದು ತಗ್ಗಿತು. ಅವರ ಕೈಗೂ ಹುಳ ಕಚ್ಚಿತ್ತು. ಸೆರಗು ಸರಿಸಿ ನೋಡಿದಾಗ ಮಾಮಿಯ ಕಣ್ಣೇ ಕಾಣುತ್ತಿರಲಿಲ್ಲ. ಮುಖ ಅಷ್ಟು ಊದಿತ್ತು. ಅವರನ್ನು ಬೆನ್ನಿನ ಮೇಲೆ ಹೊತ್ತು ಮನೆ ಮುಟ್ಟಿಸಿದವರು ಆ ಬ್ಯಾರಿಯೇ.

ಮೂರು ದಿನ ಮಾಮಿಗೆ ಜ್ವರ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದರು. ಮಾಮಿಯ ಉಸಿರು ನಿಂತೀತು ಎಂದು ನಾನು ಚಾಪೆಯ ಪಕ್ಕದಿಂದ ಏಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಕಣ್ಣು ತೆರೆಯಿತು, ಗಂಜಿ ಕೇಳಿದರು. ನಾನು ಅಳುತ್ತ ಹೇಳಿದೆ, “ಮಾಮಿ, ನಿಮ್ಮನ್ನು ಬಿಟ್ಟು ಓಡಿದೆ ನಾನು.”

“ಓಡದೆ ಎಂತ ಮಾಡುವುದು ಮಾರಾಯ್ತಿ? ನಾನೂ ಓಡಿದ್ದೇ. ನಿನ್ನ ಕಾಲು ಉದ್ದ, ಅಷ್ಟೆ.”