ಗೋಡೆಗೂ ಚಕ್ರಕ್ಕೂ ನಡುವೆ

ಬೆಳಕು ಹರಿಯುವ ಹೊತ್ತು. ತಗಡಿನ ಶೆಡ್ಡಿನಲ್ಲಿ ಬೈಕೊಂದು ಗೋಡೆಗೆ ಮುಖಮಾಡಿ ನಿಂತಿದೆ. ನಡುವೆ ಮೂರು ಗೇಣು ಅಂತರ. ಮೆಕ್ಯಾನಿಕ್ ಇಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಹಿಡಿದು, ಮೊದಲ ಗೇರಿಗೆ ಹಾಕುತ್ತಾರೆ. ಕ್ಲಚ್ ಹಿಡಿದ ಮೇಲೆ ಗಾಡಿ ನಿಂತಲ್ಲೇ ನಿಲ್ಲಬೇಕು. ಇದು ತೆವಳಿಕೊಂಡು ಹೋಗಿ ಗೋಡೆಗೆ ಮೂತಿ ತಾಗಿಸುತ್ತದೆ.

ಗಾಡಿಯ ಒಡತಿ ನರ್ಸ್. ನಿನ್ನೆ ಸಿಗ್ನಲ್ಲಿನಲ್ಲಿ ಇದು ಹೀಗೇ ಮುನ್ನುಗ್ಗಿ, ರಸ್ತೆ ದಾಟುತ್ತಿದ್ದ ಮುದುಕರೊಬ್ಬರ ಕೋಲಿಗೆ ತಾಗಿದೆಯಂತೆ. ಆದರೂ ಡ್ಯೂಟಿಯ ಅವಸರ. "ಕೇಬಲ್ ಬಿಗಿ ಮಾಡಿ ಕೊಟ್ಬಿಡಿ ಅಣ್ಣ."

"ಕೇಬಲ್ ಸರಿಯಾಗೇ ಇದೆ ಅಕ್ಕ. ಒಳಗೆ ಕ್ಲಚ್ ಪ್ಲೇಟು ಬಿಡ್ತಾ ಇಲ್ಲ. ಇವತ್ತು ಬಸ್ಸಲ್ಲಿ ಹೋಗಿ."

ಎದುರಂಗಡಿಯವರು ದಿನಕ್ಕೆ ಹತ್ತು ಗಾಡಿ ಮುಗಿಸಿದರೆ ಇವರದು ನಾಲ್ಕೇ. ಬೀದಿಯವರು ಇವರಿಗೆ 'ನಿಧಾನ ಮಾಮ' ಎಂದು ಹೆಸರಿಟ್ಟುಬಿಟ್ಟಿದ್ದಾರೆ. ಆ ನಿಧಾನವನ್ನು ನೋಡಲೆಂದೇ ನಾನು ಇವತ್ತು ಬಂದಿದ್ದೇನೆ.

ಈ ನಿಧಾನಕ್ಕೆ ಕಾರಣ ಮಾಮನ ಹೆಂಡತಿಯ ತಮ್ಮ. ಏಳು ವರ್ಷದ ಹಿಂದೆ ಅವನ ಬೈಕಿಗೂ ಇದೇ ಕಾಯಿಲೆ ಬಂದಿತ್ತು. "ಕೇಬಲ್ ಬಿಗಿ ಮಾಡಿ ಕೊಟ್ಟೆ. ಭಾವ, ಇನ್ನೂ ಎಳೀತಿದೆ ಅಂದ. ನಿನ್ನ ಕೈಯಲ್ಲೇ ಬಲ ಇಲ್ಲ ಕಣೋ ಅಂತ ನಕ್ಕುಬಿಟ್ಟೆ," ಅನ್ನುವಾಗ ಮಾಮ ನನ್ನ ಮುಖ ನೋಡುವುದಿಲ್ಲ. ಅದೇ ಸಂಜೆ, ಕ್ಲಚ್ ಹಿಡಿದು ನಿಂತಿದ್ದವನನ್ನು ಬೈಕು ಎದುರಿನ ಲಾರಿಯ ಕೆಳಕ್ಕೆ ಎಳೆದೊಯ್ದಿತು. ಜೀವ ಉಳಿಯಿತು. ಬಲಗಾಲು ಈಗಲೂ ಮಡಚುವುದಿಲ್ಲ.

ಮಾಮ ಪ್ಲೇಟುಗಳನ್ನು ಹೊರತೆಗೆಯುತ್ತಾರೆ. ಅವು ಕೂರುವ ಬಟ್ಟಲಿನ ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಕಚ್ಚು ಬಿದ್ದಿದೆ. ಪ್ಲೇಟು ಅಲ್ಲೇ ಸಿಕ್ಕಿಕೊಳ್ಳುತ್ತಿದೆ. ಅರದಿಂದ ಉಜ್ಜಿ ಉಜ್ಜಿ ನಯ ಮಾಡಿ, ಹೊಸ ಆಯಿಲ್ ಹಾಕಿ ಮುಚ್ಚುವಷ್ಟರಲ್ಲಿ ಬಿಸಿಲೇರಿದೆ.

ಆಮೇಲಿನದನ್ನು ನೋಡಲು ಗುಂಡಿಗೆ ಬೇಕು. ಬೈಕನ್ನು ಮತ್ತೆ ಗೋಡೆಗೆ ತಿರುಗಿಸಿ, ಚಕ್ರಕ್ಕೂ ಗೋಡೆಗೂ ನಡುವೆ ಮಾಮ ತಾವೇ ಹೋಗಿ ನಿಲ್ಲುತ್ತಾರೆ. ಗಾಡಿ ಹತ್ತುವವನು ಈಗ ಇದೇ ಶೆಡ್ಡಿನಲ್ಲಿರುವ ಅದೇ ಬಾಮೈದ. ಬ್ರೇಕ್ ಮುಟ್ಟಕೂಡದೆಂದು ಮಾಮನ ಕಟ್ಟಪ್ಪಣೆ. ನಾನು ಮಾರು ದೂರ ನಿಂತಿದ್ದರೂ ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿಯುತ್ತೇನೆ.

"ಹೆದರಿಕೆ ಆಗಲ್ವಾ?" ಎಂದು ಕೇಳುತ್ತೇನೆ.

"ದಿನಾ ಆಗುತ್ತೆ ಸಾರ್. ಆಗಬೇಕು ಅಂತಾನೇ ನಿಲ್ಲೋದು. ಅವತ್ತು ಅವನ ಮಾತು ಕೇಳಲಿಲ್ಲ. ಈಗ ಅವನು ಹೇಳೋವರೆಗೂ ಯಾವ ಗಾಡೀನೂ ಹೊರಗೆ ಬಿಡಲ್ಲ."

ಗೇರು ಟಕ್ಕೆಂದು ಬೀಳುತ್ತದೆ. ಬಾಮೈದ ಕ್ಲಚ್ ಹಿಡಿದು ಇಪ್ಪತ್ತರವರೆಗೆ ಎಣಿಸುತ್ತಾನೆ. ಚಕ್ರ ಕದಲುವುದಿಲ್ಲ.

"ಎಳೀತಿಲ್ಲ ಭಾವ."

"ಸರಿಯಾಗಿ ನೋಡೋ."

"ನೋಡ್ದೆ. ಈಚೆ ಬಾ ಭಾವ."