ಭಾಂಡುಪಿನ ಸ್ಟೋರ್ಸೂ ಹಳೆಯ ಪ್ರೋಗ್ರಾಮೂ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಂಧೇರಿಯಲ್ಲಿ ಒಂದು ಔಷಧ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಮೈಸೂರಿನಿಂದ ಬಂದು ಈ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ವಿಭಾಗವೆಂದರೆ ನಾವು ಮೂವರು, ಮೇಲೊಬ್ಬರು ಮರಾಠಿ ಮ್ಯಾನೇಜರ್. ಕಂಪನಿಯ ಕಾರ್ಖಾನೆ ಭಾಂಡುಪಿನಲ್ಲಿತ್ತು. ಅಲ್ಲಿನ ಸ್ಟೋರ್ಸಿಗೆ ಯಾವ ಕಚ್ಚಾ ಸಾಮಾನು ಬಂತು, ಯಾವ ಡ್ರಮ್ಮು ಯಾವ ಔಷಧಕ್ಕೆ ಹೋಯಿತು ಎಂಬುದನ್ನೆಲ್ಲ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಮು ನೋಡಿಕೊಳ್ಳುತ್ತಿತ್ತು. ಅದನ್ನು ಬರೆದವರು ನಾನು ಸೇರುವ ಮೊದಲೇ ಗಲ್ಫಿಗೆ ಹೋಗಿಬಿಟ್ಟಿದ್ದರು. ಅದರ ರಿಪೇರಿ ನನ್ನ ಪಾಲಿಗೆ ಬಂದಿತ್ತು.

ಒಂದು ದಿನ ಹೊಸ ಡೇಟಾಬೇಸ್ ಮಾರುವವರು ನಮ್ಮ ಆಫೀಸಿಗೆ ಬಂದು ಬಣ್ಣದ ಸ್ಕ್ರೀನಿನಲ್ಲಿ ಡೆಮೊ ತೋರಿಸಿದರು. ಅವರು ಹೋದ ಮೇಲೆ ಮ್ಯಾನೇಜರ್ ನನ್ನನ್ನು ಕರೆದು ಹೇಳಿದರು: ಸ್ಟೋರ್ಸಿನ ಕೆಲಸವನ್ನು ಇದಕ್ಕೆ ಬದಲಾಯಿಸುವುದೋ ಬೇಡವೋ, ತಿಂಗಳ ಕೊನೆಗೆ ಒಂದು ಪುಟ ಬರೆದುಕೊಡು. "ಹೋ ಕೀ ನಾಹೀ, ಬಸ್." ಹೌದೋ ಅಲ್ಲವೋ, ಅಷ್ಟೇ.

ನನ್ನ ಉತ್ತರ ಆಗಲೇ ಸಿದ್ಧವಾಗಿತ್ತು. ಪೇಪರಿನ ಕೆಲಸದ ಜಾಹೀರಾತುಗಳಲ್ಲಿ ಕೋಬಾಲ್ ಎಂಬ ಮಾತು ದಿನೇ ದಿನೇ ಕಡಿಮೆಯಾಗುತ್ತಿತ್ತು. ನನ್ನ ಜೊತೆ ಓದಿದವಳೊಬ್ಬಳು ಹೊಸದನ್ನು ಕಲಿತು ದೊಡ್ಡ ಕಂಪನಿಗೆ ಸೇರಿಕೊಂಡಿದ್ದಳು. ನಾನೆಲ್ಲಿ ಹಿಂದೆ ಉಳಿದುಬಿಡುತ್ತೇನೋ ಎಂಬ ಹೆದರಿಕೆ. ಸ್ಟೋರ್ಸಿಗೆ ಏನು ಬೇಕು ಎಂದು ನಾನು ಯೋಚಿಸಲೇ ಇಲ್ಲ. ನನಗೇನು ಬೇಕು ಎಂಬುದಷ್ಟೇ ತಲೆಯಲ್ಲಿತ್ತು.

ಮಾದರಿಗೆಂದು, ಡ್ರಮ್ಮು ಹೊರಗೆ ಕೊಡುವಾಗ ಅದರ ನಂಬರು ಒತ್ತುವ ಸ್ಕ್ರೀನೊಂದನ್ನು ಹೊಸದರಲ್ಲಿ ಬರೆಯತೊಡಗಿದೆ. ಹಳೆಯ ಪ್ರೋಗ್ರಾಮಿನ ಪ್ರಿಂಟು, ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ಹಾಳೆಗಳು, ಸದಾ ನನ್ನ ಚೀಲದಲ್ಲಿರುತ್ತಿತ್ತು. ಒಮ್ಮೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೂತು ಅದನ್ನು ಬಿಚ್ಚಿದಾಗ ಪಕ್ಕದಾಕೆಯ ಮಡಿಲಿಗೂ ಹರಡಿಕೊಂಡಿತು. ಆಕೆ ಒಂದಷ್ಟು ಹೊತ್ತು ನೋಡಿ, "ಸ್ವೆಟರ್ ಕಾ ಡಿಸೈನ್ ಹೈ ಕ್ಯಾ?" ಎಂದು ಕೇಳಿದರು. ಅಲ್ಲವೆಂದೆ. ಆಕೆಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಆ ಹಾಳೆಗಳಲ್ಲಿ ಒಂದು ಕಡೆ ವಿಚಿತ್ರವಾದ ನಾಲ್ಕು ಸಾಲುಗಳಿದ್ದವು. ಸಾಮಾನಿನ ನಂಬರು 4417 ಅಥವಾ 4471 ಆಗಿದ್ದರೆ, ಅದನ್ನು ಇನ್ನೊಮ್ಮೆ ಕೇಳಬೇಕು. ಬೇರೆ ಯಾವ ನಂಬರಿಗೂ ಹಾಗಿಲ್ಲ. ಏಕೆಂದು ಎಲ್ಲಿಯೂ ಬರೆದಿರಲಿಲ್ಲ. ಯಾರೋ ಪರೀಕ್ಷೆಗೆ ಹಾಕಿ ತೆಗೆಯಲು ಮರೆತಿರಬೇಕು ಎಂದುಕೊಂಡು ನನ್ನ ಹೊಸ ಸ್ಕ್ರೀನಿನಲ್ಲಿ ಅದನ್ನು ಕೈಬಿಟ್ಟೆ.

ಮುಂದಿನ ವಾರ ದಾದರಿನಲ್ಲಿ ಗಾಡಿ ಬದಲಿಸಿ ಭಾಂಡುಪಿಗೆ ಹೋದೆ. ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ಉಡುಪಿ ಕಡೆಯ ಹಿರಿಯರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹೊಸ ಸ್ಕ್ರೀನು ತೋರಿಸಿದಾಗ ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಒಂದೊಂದೇ ನಂಬರು ಒತ್ತಿದರು. ಒಂದು ಕಡೆ ನಿಂತರು.

"ಇದು ಕೇಳ್ಲೇ ಇಲ್ಲ ಅಲ್ವಾ?"

"ಏನು ಕೇಳ್ಬೇಕಿತ್ತು ರಾಯರೇ?"

"ಹಳೇದ್ರಲ್ಲಿ ಈ ನಂಬರಿಗೆ ಎರಡು ಸಲ ಕೇಳ್ತದೆ."

"ಅದಾ? ಬೇಡದ್ದು ಅಂತ ತೆಗೆದುಬಿಟ್ಟೆ."

ಅವರು ಎದ್ದು ನನ್ನನ್ನು ಹಿಂದಿನ ಸಾಲಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದೇ ಬಣ್ಣದ, ಒಂದೇ ಅಳತೆಯ ಡ್ರಮ್ಮುಗಳಿದ್ದವು.

"ಇದು 4417, ಕುಡಿಯುವ ಸಿರಪ್ಪಿಗೆ. ಅದು 4471, ಮೈಗೆ ಹಚ್ಚುವ ಮುಲಾಮಿಗೆ. ಒಮ್ಮೆ ನಾನೇ ನಂಬರ್ ಉಲ್ಟಾ ಹೊಡೆದೆ ಮಾರಾಯ್ರೆ. ಡ್ರಮ್ಮು ಹೋಗಿಯೂ ಆಯ್ತು. ಲ್ಯಾಬಿನವ್ರು ಹಿಡಿದ್ರು, ಪುಣ್ಯ." ಡ್ರಮ್ಮಿನ ಮೇಲೆ ಕೈಯಿಟ್ಟರು. "ನಿಮ್ಮ ಮುಂಚೆ ಇದ್ದವ್ರು ಅವತ್ತೇ ಓಡಿ ಬಂದು ಇದನ್ನು ಹಾಕಿ ಹೋದದ್ದು."

ನಾನು ಬೇಡವೆಂದು ಕೈಬಿಟ್ಟ ನಾಲ್ಕು ಸಾಲು ಅದು.

"ಇಂಥವು ಇನ್ನೂ ಎಷ್ಟಿವೆ ರಾಯರೇ?"

"ನಂಗೆ ಹೇಗೆ ಗೊತ್ತು? ಅದು ಕೇಳಿದಾಗ ನೆನಪಾಗ್ತದೆ."

ಹಿಂದಿರುಗುವಾಗ ಗಾಡಿಯಲ್ಲಿ ಹಾಳೆಗಳನ್ನು ಬಿಚ್ಚಲಿಲ್ಲ. ಬದಲಾಯಿಸುವುದೇ ಬೇಡ ಎಂದು ಬರೆದುಬಿಡೋಣವೆನ್ನಿಸಿತು. ಆದರೆ ಆ ಪ್ರೋಗ್ರಾಮು ನಡೆಯುತ್ತಿದ್ದ ಭಾಂಡುಪಿನ ಹಳೆಯ ಕಂಪ್ಯೂಟರ್ ಯಂತ್ರ ಆಗಾಗ ಕೆಟ್ಟು ನಿಲ್ಲುತ್ತಿದ್ದುದೂ, ಅದರ ಬಿಡಿಭಾಗಗಳು ಸಿಗದಂತಾಗುತ್ತಿದ್ದುದೂ ನನಗೆ ಗೊತ್ತಿತ್ತು. ಇನ್ನೆರಡು ವರ್ಷಕ್ಕೆ ರಾಯರು ರಿಟೈರಾಗುವವರು. ಅವರು ಹೋದ ಮೇಲೆ ಆ ನಾಲ್ಕು ಸಾಲಿನ ಅರ್ಥ ಹೇಳುವವರು ಯಾರೂ ಇರುವುದಿಲ್ಲ.

ತಿಂಗಳ ಕೊನೆಗೆ ಮ್ಯಾನೇಜರಿಗೆ ಕೊಟ್ಟ ಪುಟದಲ್ಲಿ ಹೌದು ಎಂದೇ ಬರೆದೆ. ಆದರೆ ಮೂರು ತಿಂಗಳು ಒಂದು ಸಾಲೂ ಹೊಸದಾಗಿ ಬರೆಯುವುದಿಲ್ಲ, ರಾಯರ ಜೊತೆ ಕೂತು ಹಳೆಯ ಪ್ರೋಗ್ರಾಮಿನ ಒಂದೊಂದು ನಿಯಮವೂ ಏಕಿದೆಯೆಂದು ಬರೆದಿಡುತ್ತೇನೆ, ಆಮೇಲೆ ಬದಲಾಯಿಸೋಣ ಎಂದೆ.

"ತೀನ್ ಮಹಿನೇ?" ಬರೀ ಬರೆದಿಡುವುದಕ್ಕೆ ಮೂರು ತಿಂಗಳಾ ಎಂದು ಮ್ಯಾನೇಜರ್ ರೇಗಿದರು. ಡ್ರಮ್ಮುಗಳ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಎರಡು ತಿಂಗಳು ಕೊಟ್ಟರು.

ವಾರಕ್ಕೆ ಎರಡು ದಿನ ಭಾಂಡುಪಿಗೆ ಹೋಗುತ್ತಿದ್ದೆ. ನಾನು ಹಾಳೆ ಓದಿ ಕೇಳುವುದು, ರಾಯರು ನೆನಪಿಸಿಕೊಳ್ಳುವುದು. ಕೆಲವು ನಿಯಮಗಳು ಎಂದೋ ನಿಂತುಹೋದ ಔಷಧಗಳಿಗೆ ಸೇರಿದ್ದವು. ಅವನ್ನು ಧೈರ್ಯವಾಗಿ ಬಿಟ್ಟೆವು. ಕೆಲವಕ್ಕೆ ಇಬ್ಬರಿಗೂ ಕಾರಣ ತಿಳಿಯಲಿಲ್ಲ, ಹಾಗೇ ಉಳಿಸಿದೆವು. ಒಂದು ನಿಯಮವಂತೂ ಪೂರಾ ತಪ್ಪು. ವಾಯಿದೆ ಮುಗಿಯಲು ಬಂದ ಸಾಮಾನನ್ನು ಮೊದಲು ತೋರಿಸುವ ಬದಲು ಕೊನೆಗೆ ತೋರಿಸುತ್ತಿತ್ತು. ಯಾರು ಬರೆದದ್ದು ಎಂದು ಹುಡುಕಿದರೆ ನಾನೇ. ಎರಡು ವರ್ಷದಿಂದ ರಾಯರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರಂತೆ.

"ಹೇಳಬಾರದಿತ್ತಾ?" ಎಂದೆ ನಾಚಿಕೆಯಿಂದ.

"ನೀವು ಬೇಕಂತಲೇ ಹಾಗೆ ಇಟ್ಟದ್ದು ಅಂತ ನಾನು."

ಇಬ್ಬರೂ ನಕ್ಕೆವು. ಅವರು ಹೊಸದರಿಂದ ಬೇಡಿದ್ದು ಒಂದೇ: "ಕಲೀಲಿಕ್ಕೆ ಅಡ್ಡಿಲ್ಲ. ಪ್ರಿಂಟು ಮಾತ್ರ ದೊಡ್ಡ ಅಕ್ಷರದಲ್ಲಿ ಬರಲಿ."

ಹೊಸದನ್ನು ಬರೆದು ಮುಗಿಸಲು ಮತ್ತೆ ಐದು ತಿಂಗಳು ಹಿಡಿಯಿತು. ಒಂದು ತಿಂಗಳು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಡೆಸಿದೆವು. ರಾಯರು ಎರಡಕ್ಕೂ ನಂಬರು ಒತ್ತಿ ಒತ್ತಿ ಬೇಸತ್ತರು. ಎರಡರ ಪಟ್ಟಿಯೂ ವಾರಪೂರ್ತಿ ಸರಿಹೊಂದಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಹಳೆಯ ಯಂತ್ರವನ್ನು ಆರಿಸಿದೆವು. ನಾನು ಬಯಸಿದ ಹೊಸ ವಿದ್ಯೆ ನನಗೆ ಸಿಕ್ಕಿತು, ಅದರಿಂದ ಮುಂದೆ ಬೇರೆ ಕೆಲಸವೂ ಸಿಕ್ಕಿತು. ಅಲ್ಲಿಯೂ ಕೆಲವು ವರ್ಷಕ್ಕೊಮ್ಮೆ, ಹಳೆಯದನ್ನು ಬದಲಾಯಿಸುವುದೋ ಬೇಡವೋ ಎಂಬ ಇದೇ ಪ್ರಶ್ನೆ ಬರುತ್ತಿತ್ತು. ಆಗೆಲ್ಲ ನಾನು ಮೊದಲು ಹೋಗಿ ಕೂರುತ್ತಿದ್ದುದು ಆ ಸ್ಕ್ರೀನಿನ ಮುಂದೆ ದಿನವಿಡೀ ಕೂರುವವರ ಪಕ್ಕದಲ್ಲಿ.

ಭಾಂಡುಪಿನ ಯಂತ್ರವಿದ್ದ ಕೋಣೆ ಖಾಲಿಯಾಯಿತು. ಪ್ಯಾಕಿಂಗ್ ಹೆಂಗಸರು ಅಲ್ಲಿ ಕೂತು ಡಬ್ಬಿ ಬಿಚ್ಚಿ ಊಟ ಮಾಡತೊಡಗಿದರು. ಯಂತ್ರ ತಂಪಾಗಿರಲೆಂದು ಅಲ್ಲಿ ಹಾಕಿದ್ದ ಏಸಿಯನ್ನು ಮಾತ್ರ ಕಿತ್ತು ಕಾರ್ಖಾನೆಯ ದೊಡ್ಡ ಸಾಹೇಬರ ಕ್ಯಾಬಿನ್ನಿಗೆ ಹಾಕಿದರು.